ಚುಕ್ಕಮ್ಮ ಹೂಂ ಕೇಳಿಸಿಕೊಂಡದ್ದು

"ಎಲ್ರೂ ಒಂದು ಹೆಜ್ಜೆ ಹಿಂದಕ್ಕೆ! ಚುಕ್ಕಮ್ಮ ಹೊರಗೆ ಬರ್ತಿದ್ದಾಳೆ!"

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ತುಂಗಮ್ಮನವರು ಗೇಟು ತೆರೆದರು. ಕೈಯಲ್ಲಿ ಸ್ಕ್ರೂಡ್ರೈವರ್, ಮೈಮೇಲೆ ಮದುವೆ ಮನೆಗೆ ಉಡುವ ರೇಷ್ಮೆ ಸೀರೆ! ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಮೂವತ್ತು ವರ್ಷ ಹುಡುಗರನ್ನು ಗದರಿಸಿ ನಿವೃತ್ತರಾದ ಅವರಿಗೆ, ಮೈಸೂರಿನ ಆ ಪುಟ್ಟ ಬೀದಿಯೂ ಒಂದು ಲ್ಯಾಬೇ. ಬೆನ್ನ ಹಿಂದೆ ಗಡಗಡ ಎನ್ನುತ್ತ ಬಂದದ್ದೇ ಚುಕ್ಕಮ್ಮ, ರಂಗೋಲಿ ಬಿಡುವ ಯಂತ್ರ. ಮಗುವಿನ ತಳ್ಳುಗಾಡಿಯ ಚಕ್ರ, ಹಾಲಿನ ಕ್ಯಾನಿನ ಹೊಟ್ಟೆ, ಹೊಟ್ಟೆ ತುಂಬ ರಂಗೋಲಿ ಪುಡಿ, ಎರಡು ತಂತಿಯ ಕೈ, ಹಿಂದೆ ಬಾಲದಂತೆ ಒಂದು ಪೊರಕೆ, ನೆತ್ತಿಯ ಮೇಲೊಂದು ಸ್ಪೀಕರು.

"ಕೈಗೇನು ವಾತ ಹಿಡಿದಿತ್ತೇನ್ರೀ ತುಂಗಮ್ಮ, ರಂಗೋಲಿಗೂ ಮಷೀನು?" ಎಂದರು ಎದುರುಮನೆಯ ಅಲಮೇಲಮ್ಮ. ಅವರ ಬಾಗಿಲ ಮುಂದೆ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಆಗಲೇ ಬೀಗುತ್ತಿತ್ತು.

"ಬರೀ ಮಷೀನಲ್ಲ ಕಣ್ರೀ, ಓಪನ್ ಸೋರ್ಸು! ಇದರ ಕೋಡನ್ನ ಯಾರು ಬೇಕಾದ್ರೂ ನೋಡ್ಬೋದು, ತಿದ್ದಿ ಇನ್ನೂ ಚೆನ್ನಾಗಿ ಮಾಡಿ ವಾಪಸ್ ಕೊಡ್ಬೋದು. ಒಂಬತ್ತು ದೇಶದ ನಲವತ್ತಮೂರು ಜನ ಇವಳಿಗಾಗಿ ಬಿಟ್ಟಿ ದುಡೀತಿದ್ದಾರೆ!"

"ಬಿಟ್ಟಿ ಯಾರ್ರೀ ದುಡೀತಾರೆ?"

"ನಮ್ಮ ಮೇದಿನೀನ ಕೇಳಿ. ಅವರನ್ನೆಲ್ಲ ಒಟ್ಟು ಹಾಕಿರೋಳು ಅವಳೇ."

ಎಲ್ಲರ ಕಣ್ಣೂ ತಿರುಗಿದ್ದೇ ತಡ, ಮೇದಿನಿ ಗೇಟಿನ ಕಂಬದ ಹಿಂದೆ ಸರಿದಳು. ತುಂಗಮ್ಮನವರ ತಂಗಿಯ ಮಗಳು ಅವಳು. ಎಂ.ಎ. ಮುಗಿಸಿದ್ದರೂ ಬಸ್ಸಿನಲ್ಲಿ "ಇಳೀಬೇಕು" ಎನ್ನಲು ನಾಚಿ, ಮುಂದಿನ ಸ್ಟಾಪಿನಿಂದ ನಡೆದು ಬರುವ ಹುಡುಗಿ. ಬರವಣಿಗೆಯಲ್ಲಿ ಮಾತ್ರ ಅವಳೇ ಬೇರೆ! ಫಿನ್ಲೆಂಡಿನ ಆಯ್ನೋಳ ಬೆಕ್ಕಿಗೆ ಹುಷಾರಿಲ್ಲವೆಂದರೆ ದಿನಾ ವಿಚಾರಿಸುವಳು. ಬ್ರೆಜಿಲಿನ ಥಿಯಾಗೋನ ಹುಟ್ಟುಹಬ್ಬ ಅವನಿಗಿಂತ ಮೊದಲು ಇವಳಿಗೆ ನೆನಪು. ಯಾರು ಏನು ಕಳಿಸಿದರೂ "ಬಹಳ ಚೆನ್ನಾಗಿದೆ, ಸೇರಿಸಿದ್ದೇನೆ, ವಂದನೆಗಳು" ಎಂದು ಬರೆಯುವಳು. ಎರಡು ವರ್ಷದಲ್ಲಿ ಒಬ್ಬರಿಗೂ ಬೇಡ ಎಂದವಳಲ್ಲ. ಬೇಡ ಎಂದರೆ ಬೇಸರ ಮಾಡಿಕೊಂಡು ಹೊರಟುಬಿಟ್ಟರೆ? ಅವಳಿಗಿದ್ದ ಗೆಳೆಯರೆಂದರೆ ಆ ನಲವತ್ತಮೂರೇ ಜನ. ಇವತ್ತು ಅವರೆಲ್ಲ ಅವಳ ಕೈಯ ಫೋನಿನೊಳಗೆ ಕಡಲೆಕಾಳಿನಷ್ಟು ಮುಖಗಳಾಗಿ ಕೂತು ನೋಡುತ್ತಿದ್ದರು.

"ಈ ವಾರ ಇವಳಿಗೆ ಕಿವಿ ಇಟ್ಟಿದ್ದೀನಿ," ಎಂದರು ತುಂಗಮ್ಮ. "ಯಾರಾದ್ರೂ ಹೊಸದು ಕಳಿಸಿದ್ರೆ ಕನ್ನಡದಲ್ಲಿ ಓದಿ ಹೇಳ್ತಾಳೆ. ಮೇದಿನಿ ಹೂಂ ಅಂದ್ರೆ ಸಾಕು, ಸೇರಿಸ್ಕೋತಾಳೆ. ಟೈಪ್ ಮಾಡೋ ಗೋಳೇ ಇಲ್ಲ!"

ಚುಕ್ಕಮ್ಮ ಗಂಟಲು ಸರಿಮಾಡಿಕೊಂಡಳು. "ಫಿನ್ಲೆಂಡಿನ ಆಯ್ನೋ: ಮೊದಲು ಹಿಮ ಗುಡಿಸುವುದು. ಬೆಳ್ಳಗಿರುವುದೆಲ್ಲ ಹಿಮ."

"ಹೂಂ," ಎಂದಳು ಮೇದಿನಿ.

ಅದು ಒಪ್ಪಿಗೆಯ ಹೂಂ ಅಲ್ಲ. ಕೇಳ್ತಾ ಇದ್ದೀನಿ, ಮುಂದೆ ಹೇಳು ಎಂಬ ಹೂಂ. ಹೂಂಗುಟ್ಟದಿದ್ದರೆ ಕತೆ ಹೇಳುವ ಅಜ್ಜಿಯೂ ಅರ್ಧಕ್ಕೇ ಎದ್ದು ಹೋಗುವುದಿಲ್ಲವೇ! ಎಲ್ಲವನ್ನೂ ಕೇಳಿ ಆಮೇಲೆ ಯೋಚಿಸೋಣ ಎಂದುಕೊಂಡಿದ್ದಳು ಅವಳು.

"ಬ್ರೆಜಿಲಿನ ಥಿಯಾಗೋ: ಜಾಗ ಇದ್ದಷ್ಟೂ ದೊಡ್ಡದಾಗಿ ಬಿಡಿಸುವುದು."

"ಹೂಂ."

"ಜಪಾನಿನ ಹಾರುಕಾ: ಎದುರಾದವರಿಗೆಲ್ಲ ಬಾಗಿ ನಮಸ್ಕರಿಸುವುದು."

"ಹೂಂ."

"ನೆದರ್ಲೆಂಡ್ಸಿನ ಯೋರಿಸ್: ಎಲ್ಲರೂ ಸಮಾನರು. ಕೋಡು ಬಾರದವರು ಬಾಯಲ್ಲಿ ಹೇಳಿದರೂ, ಯಾರಾದರೊಬ್ಬರು ಹೂಂ ಎಂದರೆ ಸೇರಿಸಿಕೊಳ್ಳುವುದು."

"ಹೂಂ..."

"ನಾಲ್ಕನ್ನೂ ಸೇರಿಸಿಕೊಂಡಿದ್ದೇನೆ, ವಂದನೆಗಳು!" ಎಂದವಳೇ ಚುಕ್ಕಮ್ಮ ಬೀದಿಗೆ ನುಗ್ಗಿದಳು.

ನುಗ್ಗಿದವಳ ಕಣ್ಣಿಗೆ ಮೊದಲು ಬಿದ್ದದ್ದು ಇಪ್ಪತ್ತೊಂದು ಚುಕ್ಕಿಯ ಹಿಮ. ಸರ್ ಸರ್ ಎಂದು ನಾಲ್ಕೇ ಬೀಸು, ಅಂಗಳ ಖಾಲಿ!

"ಅಯ್ಯಯ್ಯೋ! ಐದು ಗಂಟೆಗೆದ್ದು ಹಾಕಿದ್ದು ಕಣ್ರೀ!" ಅಲಮೇಲಮ್ಮ ಅಡ್ಡ ಬಂದರು. ಚುಕ್ಕಮ್ಮ ವಿನಯದಿಂದ ಬಾಗಿ ನಮಸ್ಕರಿಸಿದಳು. ಬಾಗಿದ್ದೇ ಕ್ಯಾನಿನ ಮುಚ್ಚಳ ತೆರೆದು ಅರ್ಧ ಕಿಲೋ ಪುಡಿ ಅವರ ಪಾದದ ಮೇಲೆ! ಪಾದ ಬೆಳ್ಳಗಾಯಿತು. ಬೆಳ್ಳಗಿರುವುದೆಲ್ಲ ಹಿಮ! ಪೊರಕೆ ಬೀಸಿತು.

"ನಂಗೇ ಪೊರಕೆ ಸೇವೇನಾ? ಆಫ್ ಮಾಡ್ರೀ ಇದನ್ನ!"

"ಸ್ವಿಚ್ಚು ಹೊಟ್ಟೆ ಕೆಳಗಿದೆ ಕಣ್ರೀ! ಹತ್ರ ಹೋದ್ರೆ ನಮಸ್ಕಾರ ಮಾಡ್ತಾಳೆ!" ತುಂಗಮ್ಮ ಗಂಡನತ್ತ ತಿರುಗಿದರು. "ರೀ, ನೋಡ್ರೀ ಇಲ್ಲಿ! ಹೀಗೇ ಬಿಟ್ರೆ ಮನೆಮನೆಗೂ ನುಗ್ತಾಳೆ!"

ಬಿಳಿ ಪಂಚೆಯುಟ್ಟು ಜಗಲಿಯಲ್ಲಿ ಕೂತಿದ್ದ ಗೋಪೀನಾಥರಾಯರು, ಮದುವೆಯಾದಂದಿನಿಂದ ಮಾಡುತ್ತ ಬಂದಂತೆ, ಪೇಪರಿನ ಹಿಂದಿನಿಂದಲೇ "ಹೂಂ" ಎಂದರು.

"ಸೇರಿಸಿಕೊಂಡಿದ್ದೇನೆ, ವಂದನೆಗಳು!" ಚುಕ್ಕಮ್ಮ ಪಕ್ಕದ ಮನೆಗೆ ನುಗ್ಗಿ, ಒಣಹಾಕಿದ್ದ ಸಂಡಿಗೆಯನ್ನೆಲ್ಲ ಗುಡಿಸಿಕೊಂಡು ಬಂದಳು.

"ಥೂ, ತಲೆ ಕೆಟ್ಟು ಗಿರಗಿರ ತಿರುಗ್ತಿದ್ದಾಳಲ್ರೀ!"

"ಹೂಂ."

"ಸೇರಿಸಿಕೊಂಡಿದ್ದೇನೆ!" ಗಿರಗಿರ ತಿರುಗಲೂ ತೊಡಗಿದಳು.

"ನಾನಿಲ್ಲಿ ಒದ್ದಾಡ್ತಿದ್ರೆ ನಿಮಗೆ ಪೇಪರಾ? ಅದನ್ನ ಮೊದಲು ಕಿತ್ತು ಬಿಸಾಕ್ಬೇಕು!"

"ಹೂಂ."

ಚುಕ್ಕಮ್ಮ ಜಗಲಿ ಹತ್ತಿ ಪೇಪರನ್ನು ಕಿತ್ತು ಬಿಸಾಡಿದಳು. ಪೇಪರಿನ ಹಿಂದೆ ಪಂಚೆಯೆಂಬ ಹಿಮ ಕಂಡಿತು. ಅದನ್ನೂ ಗುಡಿಸಿದಳು. ಗೋಪೀನಾಥರಾಯರ ಪಟ್ಟೆಪಟ್ಟೆ ಚಡ್ಡಿಗೆ ಒಂಬತ್ತು ದೇಶಗಳಿಂದ ಚಪ್ಪಾಳೆ ಬಿತ್ತು!

"ಮೇದಿನಿ, ಬೇಡ ಅನ್ನೇ! ಸೇರಿಸೋಕೆ ಯಾರಾದ್ರೂ ಆಗುತ್ತೆ, ತಡೆಯೋ ಹಕ್ಕು ನಿಂಗೊಬ್ಬಳಿಗೇ ಕಣೇ ಇರೋದು!"

ಮೇದಿನಿ ಫೋನನ್ನು ನೋಡಿದಳು. ಆಯ್ನೋ, ಥಿಯಾಗೋ, ಹಾರುಕಾ, ಯೋರಿಸ್... ಇವರ ಮುಖದ ಮೇಲೇ ಬೇಡ ಎನ್ನುವುದೇ? ಕಂಬಕ್ಕೆ ಇನ್ನಷ್ಟು ಒತ್ತಿಕೊಂಡಳು. ಅಷ್ಟರಲ್ಲಿ ಚುಕ್ಕಮ್ಮ ಎದುರುಮನೆಯ ಮೆಟ್ಟಿಲತ್ತ ತಿರುಗಿದಳು. ಅಲ್ಲಿ ಬೆಳ್ಳನೆಯ ಸೀರೆಯುಟ್ಟು, ಬೆಳ್ಳಿಯಂಥ ಕೂದಲನ್ನು ಬಿಸಿಲಿಗೆ ಹರಡಿ, ಅಲಮೇಲಮ್ಮನವರ ತೊಂಬತ್ತರ ಅತ್ತೆ ಸುಮ್ಮನೆ ನಗುತ್ತ ಕೂತಿದ್ದರು. ಪೊರಕೆ ಎದ್ದಿತು.

"ಬೇಡಾ!"

ಆ ಕೂಗಿಗೆ ತಂತಿಯ ಮೇಲಿನ ಕಾಗೆಗಳೆಲ್ಲ ಹಾರಿದವು. ಕೂಗಿದ್ದು ತಾನೇ ಎಂದು ತಿಳಿಯಲು ಮೇದಿನಿಗೆ ಒಂದು ಗಳಿಗೆ ಹಿಡಿಯಿತು. ಚುಕ್ಕಮ್ಮ ಪೊರಕೆಯನ್ನು ಎತ್ತಿದಂತೆಯೇ ನಿಂತಳು.

"ಬೇಡ ಎಂದರೇನು? ಈವರೆಗೆ ಯಾರೂ ಅಂದಿಲ್ಲ. ನನ್ನ ಕೋಡಿನಲ್ಲಿ ಈ ಪದವಿಲ್ಲ. ಬಳಗವನ್ನು ಕೇಳುತ್ತೇನೆ."

ಎರಡೇ ನಿಮಿಷದಲ್ಲಿ ಹನ್ನೊಂದು ಉತ್ತರಗಳು ಬಂದವು! ಚುಕ್ಕಮ್ಮ ಒಂದೊಂದನ್ನೇ ಓದಿ ಹೂಂಗಾಗಿ ಕಾದಳು. ಬೀದಿಗೆ ಬೀದಿಯೇ ಬಾಯಿಗೆ ಸೆರಗು ತುರುಕಿಕೊಂಡು ನಿಂತಿತು. ತುಂಗಮ್ಮ ಎರಡೂ ಕೈಯಿಂದ ಗಂಡನ ಬಾಯಿ ಅದುಮಿ ಹಿಡಿದರು.

"ಬೇಡ, ಥಿಯಾಗೋ," ಎಂದಳು ಮೇದಿನಿ. ದನಿ ನಡುಗುತ್ತಿತ್ತು. "ನಿನ್ನದರಲ್ಲಿ ಮೂರು ಸಲ ಬೇಡ ಅಂದ್ಮೇಲೆ ನಿಲ್ಲುತ್ತೆ. ಅಷ್ಟರಲ್ಲಿ ಅಜ್ಜಿ ಇರಲ್ಲ." ಚುಕ್ಕಮ್ಮ ಅದನ್ನು ಅವನ ಭಾಷೆಗೆ ತಿರುಗಿಸಿ ಕಳಿಸಿದಳು. "ಬೇಡ, ಹಾರುಕಾ. ನಿಲ್ಲೋ ಮುಂಚೆ ಕ್ಷಮೆ ಕೇಳೋದು ಒಳ್ಳೇದೇ, ಆದ್ರೆ ಬಾಗಿದ್ರೆ ಪುಡಿ ಚೆಲ್ಲುತ್ತೆ." ಒಂದೊಂದು ಬೇಡಕ್ಕೂ ಒಂದೊಂದು ಯಾಕೆ. ಐದನೆಯದರ ಹೊತ್ತಿಗೆ ನಡುಕ ಹೋಯಿತು. ಎಂಟನೆಯದಕ್ಕೆ ಕಂಬದ ಹಿಂದಿನಿಂದ ಹೊರಗೆ ಬಂದಿದ್ದಳು!

"ಹನ್ನೊಂದನೆಯದು, ಆಯ್ನೋ: ಬೇಡ ಎಂದ ತಕ್ಷಣ ನಿಲ್ಲುವುದು. ಹಿಂದೆ ಸೇರಿಸಿದ್ದನ್ನು ಬಿಟ್ಟುಬಿಡುವುದು."

"ಹೂಂ," ಎಂದಳು ಮೇದಿನಿ. "ಇದು ಒಪ್ಪಿಗೆ ಹೂಂ."

ಪೊರಕೆ ಕೆಳಗಿಳಿಯಿತು. ಫೋನಿನ ಮುಖಗಳಲ್ಲಿ ಎಷ್ಟು ಖಾಲಿಯಾದವೋ ಎಂದು ಮೇದಿನಿ ಎಣಿಸಿದಳು. ನಲವತ್ತಮೂರೂ ಇದ್ದವು. ಕೆಳಗೆ ಆಯ್ನೋಳ ಸಾಲು ಮೂಡಿತು: "ಎರಡು ವರ್ಷ ನಾನು ಏನು ಕಳಿಸಿದರೂ ನೀನು ಚೆನ್ನಾಗಿದೆ ಅಂದೆ. ಯಾರೂ ಓದುತ್ತಲೇ ಇಲ್ಲ ಅನ್ನಿಸಿತು. ಇವತ್ತು ಬಿಟ್ಟುಹೋಗುವವಳಿದ್ದೆ. ಪರೀಕ್ಷೆಗೆಂದೇ ಮೈಸೂರಿಗೆ ಹಿಮ ಗುಡಿಸುವ ಕೋಡು ಕಳಿಸಿದೆ! ಇನ್ನು ಹೋಗುವುದಿಲ್ಲ."

ಮೇದಿನಿ ನಕ್ಕಳೋ ಅತ್ತಳೋ, ರಂಗೋಲಿ ಪುಡಿ ಹಾರುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

"ಸರಿ ಚುಕ್ಕಮ್ಮ," ತುಂಗಮ್ಮ ಸೀರೆ ಕೊಡವಿಕೊಂಡು ಆಜ್ಞೆ ಮಾಡಿದರು, "ಅಲಮೇಲಮ್ಮನವರ ರಂಗೋಲೀನ ವಾಪಸ್ ಹಾಕ್ಕೊಡು."

"ಬೇಡ," ಎಂದಳು ಚುಕ್ಕಮ್ಮ.

"ಏನಂದೆ? ನಡಿ ಒಳಗೆ!"

"ಬೇಡ."

"ನಿನ್ನ ಕಟ್ಟಿದೋಳು ನಾನು ಕಣೇ!"

"ಬೇಡ."

ಟವೆಲ್ಲು ಸುತ್ತಿಕೊಂಡ ಗೋಪೀನಾಥರಾಯರು ಮೆಲ್ಲನೆ ಬಂದು ಚುಕ್ಕಮ್ಮನ ಕ್ಯಾನನ್ನು ಸವರಿದರು.

"ಮೂವತ್ತಾರು ವರ್ಷದಿಂದ ನಂಗೆ ಆಗಿರ್ಲಿಲ್ಲ. ಪುಣ್ಯಾತ್ಗಿತ್ತಿ, ನೀನಾದ್ರೂ ಅಂದೆ."