ವೃತ್ತಿಪರರು ಮುಟ್ಟಬೇಡಿ

ಈ ಸಲ ಕಾರಿಗೆ ಹಿಮದಲ್ಲಿ ಜಾರದ ಚಳಿಗಾಲದ ಟೈರು ನಾನೇ ಹಾಕುತ್ತೇನೆ, ಅದೂ ಅಸಲಿ ಮೆಕ್ಯಾನಿಕ್‌ಗಳು ಹಿಡಿಯುವ ಅಸಲಿ ಪಾನಾದಿಂದಲೇ ಹಾಕುತ್ತೇನೆ ಎಂದು ಅಕ್ಟೋಬರ್ ತಿಂಗಳಲ್ಲಿ ನಾನು ಘೋಷಿಸಿದೆ. ಐತಿಹಾಸಿಕ ಘೋಷಣೆ! ಕೇಳಿಸಿಕೊಳ್ಳಲು ಅಡುಗೆಮನೆಯಲ್ಲಿ ಇದ್ದದ್ದು ನನ್ನ ಹೆಂಡತಿ ರೋಸ್ವಿತಾ ಒಬ್ಬಳೇ. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು.

"ಸೂಪರ್‌ಮಾರ್ಕೆಟ್ಟಲ್ಲಿ ಈ ವಾರ ಪಾನಾ ಸೆಟ್ಟು ಬಂದಿದೆ, ಇಪ್ಪತ್ತೇ ಯೂರೋ. ಬ್ರೆಡ್ ತರೋಕೆ ಹೋದಾಗ ಅದನ್ನೂ ತಂದ್ಬಿಡು" ಎಂದಳು.

"ಅಗ್ಗದ್ದು ಕೊಂಡವನು ಎರಡು ಸಲ ಕೊಳ್ತಾನೆ. ಅದು ಕಬ್ಬಿಣ ಅಲ್ಲ ಕಣೇ, ಬೆಣ್ಣೆ."

"ವರ್ಷಕ್ಕೆ ಎರಡು ಸಲ ಚಕ್ರ ಬಿಚ್ಚೋನಿಗೆ ಬೆಣ್ಣೆ ಸಾಕು."

"ನಾನು ನೋಡಿರೋದಕ್ಕೆ ಆಜೀವ ಗ್ಯಾರಂಟಿ ಇದೆ."

"ಯಾರ ಜೀವ?"

ಇಂಥ ಪ್ರಶ್ನೆಗೆ ಜ್ಞಾನಿಗಳು ಉತ್ತರಿಸುವುದಿಲ್ಲ. ಮುಂದಿನ ಮೂರು ವಾರ ನಾನು ನಮ್ಮೂರು ರಾಯ್ಟ್ಲಿಂಗನ್ನಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಪಾನಾಗಳನ್ನು ಅಂಗೈಯಲ್ಲಿ ತೂಗಿದೆ, ತಟ್ಟಿದೆ, ಕಿವಿಗಿಟ್ಟು ಕೇಳಿದೆ. ಕೊನೆಗೆ ಫಳಫಳ ಹೊಳೆಯುವ ದುಬಾರಿ ಸೆಟ್ಟೊಂದನ್ನು ಮಗು ಎತ್ತಿಕೊಂಡಂತೆ ಎತ್ತಿಕೊಂಡು ಬಂದೆ. ಬೆಲೆ ಎಷ್ಟೆಂದು ರೋಸ್ವಿತಾಗೆ ಹೇಳಲಿಲ್ಲ, ನಿಮಗೂ ಹೇಳುವುದಿಲ್ಲ.

ಶನಿವಾರವೇ ಟೈರು ಬದಲಿಸಬಹುದಿತ್ತು. ಆದರೆ ಅಂಥ ಪಾನಾಗಳಿಗೆ ತಕ್ಕ ಮನೆ ಬೇಡವೇ? ನೆಲಮಾಳಿಗೆಯ ಗೋಡೆಗೆ ಬಿಳಿ ಬಣ್ಣ ಬಳಿದೆ. ಒಂದೊಂದು ಪಾನಾಕ್ಕೂ ಒಂದೊಂದು ಮೊಳೆ ಹೊಡೆದು, ಅದರ ಸುತ್ತ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದೆ. ಯಾವುದು ಕಾಣೆಯಾದರೂ ಗೋಡೆಯೇ ಹೇಳಬೇಕು! ಸಂಜೆಯಾಯಿತು.

ಉಳಿದದ್ದು ಹಳೆಯ ಕೆಂಪು ತಗಡಿನ ಪೆಟ್ಟಿಗೆ ಮತ್ತು ಅದರೊಳಗಿನ ತುಕ್ಕು ಹಿಡಿದ ಅಗ್ಗದ ಪಾನಾಗಳು. ನಮ್ಮ ಬೀದಿಯಲ್ಲಿ ಬೇಡದ ವಸ್ತುವನ್ನು ಗೇಟಿನ ಹೊರಗಿಟ್ಟು 'ಉಚಿತ' ಎಂದು ಚೀಟಿ ಅಂಟಿಸುತ್ತಾರೆ, ಬೇಕಾದವರು ಒಯ್ಯುತ್ತಾರೆ. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. 'ಉಚಿತ. ಅಗ್ಗದ ಮಾಲು. ವೃತ್ತಿಪರರು ಮುಟ್ಟಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದೆ. ಒಂದೇ ಗಂಟೆಯಲ್ಲಿ ಪೆಟ್ಟಿಗೆ ಮಾಯವಾಯಿತು. ಪೀಡೆ ತೊಲಗಿತು ಎಂದುಕೊಂಡೆ.

ಮರುದಿನ ಭಾನುವಾರ ಅತ್ತೆಗೆ ಎಂಬತ್ತು ತುಂಬುವ ದಿನ. ಅವರಿರುವುದು ಆಲ್ಬ್ ಬೆಟ್ಟದ ಮೇಲೆ. ಹನ್ನೆರಡಕ್ಕೆ ಸರಿಯಾಗಿ ಕೇಕು ಕತ್ತರಿಸಬೇಕು, ಆ ಕೇಕು ನಮ್ಮ ಮನೆಯಲ್ಲಿತ್ತು. ಬೆಟ್ಟದ ಮೇಲೆ ಹಿಮ ಬಿದ್ದಿದೆಯೆಂದು ಬೆಳಿಗ್ಗೆ ರೇಡಿಯೋ ಹೇಳಿತು. ಅತ್ತೆಯ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ನನ್ನಿಂದಾಗಿ ತಡವಾಗಿ, ನೆಂಟರು ಕೋಟು ಹಾಕಿಕೊಳ್ಳುವ ಹೊತ್ತಿಗೆ ನಾವು ತಲುಪಿದ್ದೆವು.

"ಈ ಸಲವೂ ತಡ ಆದ್ರೆ ಅಮ್ಮನ ಮುಂದೆ ನೀನೇ ನಿಂತು ಕಾರಣ ಹೇಳು" ಎಂದಳು ರೋಸ್ವಿತಾ. "ನಾನಂತೂ ಹೇಳಲ್ಲ."

"ಒಂದು ಗಂಟೆ ಸಾಕು. ನೋಡ್ತಾ ಇರು."

ಚಕ್ರಕ್ಕೆ ಐದೈದು ಬೋಲ್ಟು. ನನ್ನ ಹೊಸ ಪಾನಾ ಮುಟ್ಟಿದರೆ ಸಾಕು, ಸಡಿಲ! ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಪಾನಾ ಕೂರಲೇ ಇಲ್ಲ. ಕಳ್ಳರು ಚಕ್ರ ಬಿಚ್ಚದಿರಲೆಂದು ಹಾಕಿಸಿದ್ದ, ಹೂವಿನಾಕಾರದ ತಲೆಯ ಬೋಲ್ಟು ಅದು. ಚಕ್ರಕ್ಕೊಂದರಂತೆ ನಾಲ್ಕಿವೆ. ಬಿಚ್ಚಲು ಹೆಬ್ಬೆರಳಿನ ಗಾತ್ರದ ಬೇರೆಯೇ ಬೀಗದಕೈ ಬೇಕು. ಅದು ಕಾರಿನ ಡಿಕ್ಕಿಯಲ್ಲಿ ಕಳೆದುಹೋದೀತೆಂದು ಈಸ್ಟರ್ ಹೊತ್ತಿಗೆ ನಾನೇ ಭದ್ರವಾಗಿ ತೆಗೆದಿಟ್ಟಿದ್ದೆ. ಎಲ್ಲಿ? ಕೆಂಪು ತಗಡಿನ ಪೆಟ್ಟಿಗೆಯಲ್ಲಿ.

ಭಾನುವಾರ ಊರಲ್ಲಿ ಒಂದು ಅಂಗಡಿಯೂ ತೆರೆದಿರುವುದಿಲ್ಲ, ಒಂದು ಗ್ಯಾರೇಜೂ ಇಲ್ಲ. ರೋಸ್ವಿತಾ ಕೇಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನಾಯ್ತು?"

"ಈ ಬೋಲ್ಟಿನ ವಿನ್ಯಾಸವೇ ಸರಿಯಿಲ್ಲ."

"ಕುಣಿಯಲಾರದವಳಿಗೆ ನೆಲ ಡೊಂಕು. ಬೀಗದಕೈ ಆ ಕೆಂಪು ಪೆಟ್ಟಿಗೇಲಿತ್ತು ತಾನೇ? ಅದನ್ನ ಎದುರುಮನೆ ಹೇಬರ್ಲೆ ಎತ್ಕೊಂಡು ಹೋದ್ರು. ನಾನು ಕಿಟಕೀಲಿ ನೋಡ್ದೆ. ಹೋಗಿ ಕೇಳು."

ಹೇಬರ್ಲೆ! ಭಾನುವಾರ ಬೀದಿಯಲ್ಲಿ ಸದ್ದು ಮಾಡಬಾರದೆಂಬ ನಿಯಮವನ್ನು ಕಾಯಲೆಂದೇ ನಿವೃತ್ತರಾದ ಮನುಷ್ಯ. ಹೋದ ವರ್ಷ ನಾನು ಭಾನುವಾರ ಡ್ರಿಲ್ ಹಿಡಿದದ್ದಕ್ಕೆ ಮೂರು ತಿಂಗಳು ಮಾತು ಬಿಟ್ಟಿದ್ದರು. ಗಂಟೆ ಒತ್ತಿದೆ. ಪೆಟ್ಟಿಗೆ ಹಜಾರದಲ್ಲೇ ಇತ್ತು. ಪಾನಾಗಳನ್ನೆಲ್ಲ ಆಗಲೇ ತುಕ್ಕು ಉಜ್ಜಿ, ಎಣ್ಣೆ ಸವರಿ ಜೋಡಿಸಿದ್ದರು.

"ಹೇಬರ್ಲೆ ಅವರೇ, ಅದರಲ್ಲಿ ನಂದೊಂದು ಸಣ್ಣ ಸಾಮಾನು ಉಳ್ಕೊಂಡಿದೆ."

ಅವರು ನಿಧಾನವಾಗಿ ಕನ್ನಡಕ ಹಾಕಿಕೊಂಡು ಚೀಟಿಯನ್ನು ಓದಿದರು. "ವೃತ್ತಿಪರರು ಮುಟ್ಟಬೇಡಿ ಅಂತಿದೆ. ನೀವು ಹೇಗೆ ಮುಟ್ತೀರಿ?"

"ನಾನು ವೃತ್ತಿಪರ ಅಲ್ಲ" ಎಂದೆ. ಮೂರು ವಾರದ ತಪಸ್ಸು ಅಲ್ಲಿಗೆ ಮುಗಿಯಿತು.

"ಸ್ವಲ್ಪ ಜೋರಾಗಿ ಹೇಳಿ, ಕಿವಿ ಮಂದ."

"ಅಲ್ಲ!" ಬೀದಿಯ ಆಚೆ ಕೇಕಿನ ಹಿಂದೆ ರೋಸ್ವಿತಾ ನಗುತ್ತಿರುವುದು ಕಾಣಿಸಿತು.

ಹೇಬರ್ಲೆ ಬೀಗದಕೈಯನ್ನು ನನ್ನ ಕೈಗೆ ಕೊಡಲಿಲ್ಲ. ಪೆಟ್ಟಿಗೆಯ ಸಮೇತ ತಾವೇ ಬಂದು ಕಾರಿನ ಪಕ್ಕ ಕುಳಿತು, ನನ್ನ ಹಳೆಯ 'ಬೆಣ್ಣೆ' ಪಾನಾದಿಂದಲೇ ಅರ್ಧ ಗಂಟೆಯಲ್ಲಿ ನಾಲ್ಕೂ ಚಕ್ರ ಬದಲಿಸಿದರು. ಫಳಫಳ ಹೊಳೆಯುವ ನನ್ನ ಪಾನಾಗಳನ್ನು ಎದೆಗವಚಿಕೊಂಡು ನಾನು ಪಕ್ಕದಲ್ಲಿ ನಿಂತಿದ್ದೆ.

"ಇವತ್ತು ಭಾನುವಾರ ಅಲ್ವಾ, ನಿಯಮ?" ಎಂದು ಮೆಲ್ಲಗೆ ಕೇಳಿದೆ.

"ಪಾನಾ ಸದ್ದು ಮಾಡಲ್ಲ" ಎಂದರು ಹೇಬರ್ಲೆ. "ನೀವೂ ಸುಮ್ಮನಿದ್ರೆ ಆಯ್ತು."

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಬೆಟ್ಟ ಹತ್ತಿದ್ದೆವು. ಅತ್ತೆ ಗಡಿಯಾರ ನೋಡಿ, ನನ್ನನ್ನು ನೋಡಿ, ಮತ್ತೆ ಗಡಿಯಾರ ನೋಡಿದರು. ಮದುವೆಯಾಗಿ ಇಪ್ಪತ್ತಾರು ವರ್ಷಗಳ ಮೇಲೆ ಮೊದಲ ಬಾರಿಗೆ "ಶಹಭಾಸ್ ಅಳಿಯಂದಿರೇ" ಎಂದು ನನ್ನ ಬೆನ್ನು ತಟ್ಟಿದರು. ರೋಸ್ವಿತಾ ಬಾಯಿ ಬಿಡಲಿಲ್ಲ. ನನ್ನ ಎದೆ ಮತ್ತೆ ಉಬ್ಬಿತು. ಹೆಂಡತಿ ಎಂದರೆ ಇವಳು ಎಂದುಕೊಂಡೆ.

ಸೋಮವಾರ ಸಂಜೆ ಕೆಲಸ ಮುಗಿಸಿ ಬಂದರೆ ಗೇಟಿನ ಹೊರಗೆ ದೊಡ್ಡದೊಂದು ರಟ್ಟಿನ ಪೆಟ್ಟಿಗೆ. ಮೇಲೆ ರೋಸ್ವಿತಾಳ ಕೈಬರಹ: 'ಉಚಿತ. ದುಬಾರಿ ಮಾಲು. ಕೆಲಸಕ್ಕೆ ಬಳಸಿಯೇ ಇಲ್ಲ.' ಅಯ್ಯೋ, ನನ್ನ ಪಾನಾಗಳು! ಓಡಿ ಹೋಗಿ ಬಗ್ಗಿ ನೋಡಿದೆ. ಒಳಗೆ ಏನೂ ಇರಲಿಲ್ಲ. ನೆಲಮಾಳಿಗೆಗೆ ಇಳಿದೆ. ಗೋಡೆಯ ಮೇಲೆ ಪಾನಾಗಳೆಲ್ಲ ತಂತಮ್ಮ ಜಾಗದಲ್ಲೇ ನೇತಾಡುತ್ತಿದ್ದವು.

"ರೋಸ್ವಿತಾ, ಹೊರಗಿರೋ ಪೆಟ್ಟಿಗೆ ಖಾಲಿ ಇದೆಯಲ್ಲೇ?"

ಅಡುಗೆಮನೆಯಿಂದ ಆಲೂಗಡ್ಡೆ ಸುಲಿಯುತ್ತಲೇ ಅವಳೆಂದಳು: "ಮತ್ತೆ, ನೀನಿನ್ನೂ ಅದರೊಳಗೆ ಹತ್ತಿ ಕೂತಿಲ್ಲವಲ್ಲ."