ಅಪ್ಪಯ್ಯಣ್ಣನ ಮನೆ ಪಕ್ಕದ ದಂಡಿನ ದಾರಿ

ಅಪ್ಪಯ್ಯಣ್ಣನ ಬಾಯಿ ಸುಮ್ಮನಿದ್ದಿದ್ದರೆ ಆವತ್ತು ಬೆಳಗ್ಗೆ ಅವನ ಕೊಟ್ಟಿಗೆಯ ನಟ್ಟನಡುವೆ ಸುಣ್ಣದ ಗೆರೆ ಬೀಳುತ್ತಿರಲಿಲ್ಲ.

ನಂದಗುಡಿ ಹೋಬಳಿಯ ಆ ಊರಿನಲ್ಲಿ ಅವನ ಮನೆ ಪಕ್ಕಕ್ಕೆ ಒಂದು ಹಳೇ ದಾರಿಯ ಗುರುತಿತ್ತು. ಹೊಸಕೋಟೆ ಕೋಟೆಯಿಂದ ಗಡಿ ಕಡೆಯ ಕೋಟೆಗಳಿಗೆ ದಂಡು ನಡೆದದ್ದು ಅದರ ಮೇಲೆಯೇ ಎಂದು ಅವನ ಅಪ್ಪ ಹೇಳಿದ್ದ. ಅಪ್ಪ ಹೇಳಿದ್ದು ಒಂದು ಸೇರು. ನಲವತ್ತು ವರ್ಷದಲ್ಲಿ ಅಪ್ಪಯ್ಯಣ್ಣ ಅದನ್ನು ಒಂದು ಪಲ್ಲ ಮಾಡಿದ್ದ. ಡೈರಿ ಮುಂದೆ ಹಾಲಿನ ಕ್ಯಾನು ತುಂಬುವಷ್ಟರಲ್ಲಿ ಆನೆ, ಕುದುರೆ, ಫಿರಂಗಿ ಎಲ್ಲವನ್ನೂ ಆ ದಾರಿಯಲ್ಲಿ ಒಂದು ಸಾರಿ ನಡೆಸಿಬಿಡುತ್ತಿದ್ದ. ಹಳೇ ಕೋಟೆದಾರಿಗಳನ್ನು ಗುರುತಿಸುವ ಕೆಲಸಕ್ಕೆ ಹೋದ ವಾರ ಬಂದಿದ್ದ ಮಮತ ಮೇಡಂಗೂ ಅದೇ ಕತೆ ಹೇಳಿದ. ಆಯಮ್ಮ ಎಲ್ಲ ಬರೆದುಕೊಂಡು ಹೋದರು. ಇವನು ಮೀಸೆ ತಿರುವಿಕೊಂಡ.

ಇವತ್ತು ಆಯಮ್ಮ ಟೇಪು, ಸುಣ್ಣದ ಪುಡಿ, ಊರಿನ ನಕ್ಷೆಯ ಒಂದು ನಕಲು ಹಿಡಿದೇ ಬಂದರು.

"ಮೂವತ್ತು ಅಡಿ ಬಿಡಿಸ್ಬೇಕು ಯಜಮಾನ್ರೇ. ಎರಡೂ ಕಡೆ ಕಲ್ಲು ನೆಡ್ತೀವಿ, ಜನ ಬಂದು ನೋಡ್ಲಿ."

ಗೆರೆ ಕೊಟ್ಟಿಗೆಯ ಒಂದು ಬದಿಯಿಂದ ಒಳಗೆ ಹೋಗಿ ಇನ್ನೊಂದು ಬದಿಯಿಂದ ಆಚೆ ಬಂತು. ಒಳಗಿದ್ದ ಹಸು ಸುಣ್ಣವನ್ನು ಮೂಸಿ ಸೀನಿತು. ಹೋದ ತಿಂಗಳು ತಾನೇ ಹೊಸ ಶೀಟು ಹೊದಿಸಿದ ಕೊಟ್ಟಿಗೆ ಅದು.

"ಅಲ್ಲಾ ಮೇಡಂ, ಕೊಟ್ಟಿಗೆ ಕೀಳ್ಬೇಕಾ?"

"ದಂಡಿನ ದಾರಿ ಅಂತ ನೀವೇ ಅಲ್ವಾ ಹೇಳಿದ್ದು?"

"ಹೇಳ್ದೆ. ಸುಳ್ಳು ಹೇಳ್ದೆ!"

ಮೇಡಂ ನಕ್ಕರು. "ಜಾಗ ಹೋಗುತ್ತೆ ಅಂದಾಗ ಎಲ್ಲಾರೂ ಹಿಂಗೇ ಅಂತಾರೆ. ಈ ನಕಲಲ್ಲೂ ದಂಡಿದಾರಿ ಅಂತಾನೇ ಇದೆ."

ಅಷ್ಟರಲ್ಲಿ ಬೇವಿನಕಡ್ಡಿ ಅಗಿಯುತ್ತಾ ನೆರೆಮನೆಯ ನರಸಿಂಹಯ್ಯ ಬಂದ. ಅಪ್ಪಯ್ಯಣ್ಣನಿಗೆ ಹೋದ ಜೀವ ಬಂದಂತಾಯಿತು.

"ನರಸಿಂಹಯ್ಯ, ನೀನಾದ್ರೂ ಹೇಳಪ್ಪಾ, ನಾನು ಎಂಥಾ ಸುಳ್ಳುಬುರುಕ ಅಂತ."

ನರಸಿಂಹಯ್ಯ ಪಕ್ಕಕ್ಕೆ ಉಗಿದ. "ಛೇ ಛೇ, ಬಿಡ್ತು ಅನ್ನು. ಮೇಡಂ, ನಮ್ಮಣ್ಣ ದಿಟ ಬಿಟ್ಟು ಬೇರೆ ಆಡೋನಲ್ಲ. ಇವರ ಮುತ್ತಾತ ದಂಡಿಗೆ ಮಜ್ಜಿಗೆ ಕೊಟ್ಟಿದ್ದು ಊರಿಗೇ ಗೊತ್ತು. ಎಷ್ಟು ಕೊಡ ಅಣ್ಣಾ, ಹನ್ನೆರಡಾ?"

"ಹದಿನಾರು," ಎಂದು ಅಪ್ಪಯ್ಯಣ್ಣನ ಬಾಯಿ ತಾನಾಗಿ ಅಂದುಬಿಟ್ಟಿತು.

ಮೇಡಂ ಹದಿನಾರು ಎಂದು ಬರೆದುಕೊಂಡರು.

ಹೊರಗಿನ ಮಾತು ಕೇಳಿ ಹೆಂಡತಿ ಪಿಳ್ಳಮ್ಮ ಸಂಭ್ರಮದಿಂದ ಬಂದಳು. ಕೊಟ್ಟಿಗೆಯ ವಿಚಾರ ಅವಳಿಗಿನ್ನೂ ಗೊತ್ತಿಲ್ಲ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಸಿನ ಕುಂಕುಮ ಮೆತ್ತಿದ ಒಂದು ಕಬ್ಬಿಣದ ಗುಂಡು.

"ಇವರಿಗೆ ಸಂಕೋಚ ಮೇಡಂ, ತೋರ್ಸಿರೋದಿಲ್ಲ. ದಂಡಿನೋರು ಬಿಟ್ಟೋದ ಫಿರಂಗಿ ಗುಂಡು. ಮೂವತ್ತು ವರ್ಷದಿಂದ ಆಯುಧಪೂಜೆಗೆ ಇದಕ್ಕೇ ಮೊದಲು ಮಂಗಳಾರತಿ."

ಅಪ್ಪಯ್ಯಣ್ಣನ ಮುಖ ಹುಳಿ ಬಿದ್ದ ಹಾಲಿನಂತೆ ಒಡೆದುಹೋಯಿತು. ಒಂದು ಕಡೆ ಕೊಟ್ಟಿಗೆ, ಇನ್ನೊಂದು ಕಡೆ ಪಿಳ್ಳಮ್ಮ. ಕಣ್ಣು ಮುಚ್ಚಿಕೊಂಡು ಕೊಟ್ಟಿಗೆಯ ಕಡೆ ಹಾರಿದ.

"ಅದು ಫಿರಂಗೀದಲ್ಲ. ಹೊಸಕೋಟೆ ಗುಜರಿ ಅಂಗಡೀಲಿ ತಂದಿದ್ದು. ಯಾವ್ದೋ ಮಿಷನ್ನಿನ ಗುಂಡು."



"ಮೂವತ್ತು ವರ್ಷ ನಾನು ಗುಜರಿಗೆ ಕೈ ಮುಗಿದ್ನಾ?" ಎಂದಳು ಪಿಳ್ಳಮ್ಮ. "ಹಿಡ್ಕೊಳ್ಳಿ ನಿಮ್ಮ ದಂಡನ್ನ!"

ಗುಂಡನ್ನು ಅವನ ಕೈಗಿಟ್ಟಳು. ಕೆಳಗಿಡಲು ಅವನಿಗೆ ಧೈರ್ಯ ಬರಲಿಲ್ಲ.

ಮೇಡಂಗೂ ಈಗ ಅನುಮಾನ ಹುಟ್ಟಿತು. ತಾಲ್ಲೂಕು ಕಚೇರಿಗೆ ಫೋನು ಮಾಡಿ, ಊರಿನ ಮೂಲ ನಕ್ಷೆ ತೆಗೆದು ಫೋಟೋ ಕಳಿಸಿ ಎಂದರು. ಅರ್ಧ ಗಂಟೆ ಆಯಿತು. ಅಪ್ಪಯ್ಯಣ್ಣ ಗುಂಡು ಹಿಡಿದುಕೊಂಡೇ ನಿಂತಿದ್ದ. ಫೋಟೋ ಬಂತು. ಮೇಡಂ ಬೆರಳಲ್ಲಿ ಹಿಗ್ಗಿಸಿ ನೋಡಿದವರೇ ತಲೆ ಚಚ್ಚಿಕೊಂಡರು.

"ನಕಲು ಮಾಡಿದೋರು ಒಂದಕ್ಷರ ತಪ್ಪಿದಾರೆ. ಮಸಿ ಮಾಸಿದೆ, ಇದು 'ದ' ಅಲ್ಲ, 'ಬ'. ದಂಡಿದಾರಿ ಅಲ್ಲ ಯಜಮಾನ್ರೇ, ಬಂಡಿದಾರಿ! ನಿಮ್ಮಪ್ಪನೂ ಆ ನಕಲನ್ನೇ ಓದಿರ್ಬೇಕು. ದಂಡು ಹೋಗಿರೋದು ಅಗೋ, ಆ ದಿಣ್ಣೆ ಮೇಲೆ. ಈ ಕೆರೆ ಹಿಂದಿನ ಕೆಸರಿಗೆ ಫಿರಂಗಿ ಇಳಿಸಿದ್ರೆ ಇವತ್ತಿಗೂ ಎತ್ತೋಕಾಗ್ತಿರ್ಲಿಲ್ಲ."

"ಹಂಗಾದ್ರೆ ಕೊಟ್ಟಿಗೆ?"

"ಅದಕ್ಕೂ ನನಗೂ ಸಂಬಂಧ ಇಲ್ಲ," ಎಂದು ಮೇಡಂ ಚಪ್ಪಲಿಯಲ್ಲೇ ಗೆರೆ ಅಳಿಸಿದರು.

ಅಪ್ಪಯ್ಯಣ್ಣ ಗುಂಡು ಕೆಳಗಿಟ್ಟು ಬಿಟ್ಟ ಉಸಿರಿಗೆ ಹಸುವಿನ ಮೈಮೇಲಿನ ನೊಣ ಎದ್ದವು. ದಂಡಿನ ಕತೆ ಸುಳ್ಳು ಎಂದು ಬೆಳಗ್ಗೆಯಿಂದ ಕಷ್ಟಪಟ್ಟು ಹೇಳಿದ ಸುಳ್ಳೇ ನಿಜವಾಯಿತಲ್ಲ ದೇವರೇ! "ಪಿಳ್ಳಮ್ಮ, ಎಲ್ಲರಿಗೂ ಕಾಫಿ ಇಡು!" ಎಂದು ಕೂಗಿದ. ಅವಳೂ ಬೈಯುತ್ತಲೇ ಇಟ್ಟಳು.

ನರಸಿಂಹಯ್ಯ ಅರ್ಧ ಲೋಟ ಕುಡಿದವನು ಹಾಗೇ ನಿಲ್ಲಿಸಿದ.

"ಮೇಡಂ, ಬಂಡಿದಾರಿ ಅಂದ್ರೆ ಊರೋರೆಲ್ಲಾರ ದಾರಿ ಅಲ್ವಾ?"

"ಹೂಂ. ಮುಚ್ಚೋ ಹಾಗಿಲ್ಲ. ಹದಿನೈದು ಅಡಿ."

"ಎತ್ಲಾಗೆ ಹೋಗುತ್ತೆ?"

ಮೇಡಂ ಫೋನಿನ ಮೇಲೆ ಬೆರಳಾಡಿಸಿದರು. "ಈ ಕೊಟ್ಟಿಗೆ ದಾಟಿ, ಕಾಲುವೆ ದಾಟಿ... ಆ ರಾಗಿ ಹೊಲಕ್ಕೆ."

"ನಂದೇ ಅದು," ಎಂದ ನರಸಿಂಹಯ್ಯ ಮೆಲ್ಲಗೆ. "ನಲವತ್ತು ವರ್ಷದಿಂದ ಕೆರೆ ಸುತ್ತಾಕಿ ಹೋಗ್ತಾ ಇದೀನಿ. ಅದು ದಂಡಿನ ದಾರಿ, ಸತ್ತ ಸಿಪಾಯಿಗಳು ಓಡಾಡ್ತಾರೆ, ಎತ್ತು ಹೊಡ್ಕೊಂಡು ಬರಬೇಡ ಅಂತ ಹೇಳಿದ್ದು ಯಾರಣ್ಣಾ?"

ಅಪ್ಪಯ್ಯಣ್ಣ ಲೋಟದ ತಳ ನೋಡಿದ. "ನಮ್ಮಪ್ಪ... ಆಮೇಲೆ ನಾನು."

ಮೊದಲು ನಕ್ಕವಳು ಪಿಳ್ಳಮ್ಮ. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ನರಸಿಂಹಯ್ಯನಿಗೂ ನಗು ಬಂತು, ಕೊನೆಗೆ ಅಪ್ಪಯ್ಯಣ್ಣನಿಗೂ. ಮೂವತ್ತು ಅಡಿಯಾಗಿದ್ದರೆ ಹಿತ್ತಲೂ ಹೋಗುತ್ತಿತ್ತು. ಈಗ ಹಿತ್ತಲಾದರೂ ಉಳಿಯಿತು, ಹಸು ಅಲ್ಲಿರಲಿ. ನಾಳೆಯಿಂದ ಡೈರಿ ಮುಂದೆ ಆನೆ ಕುದುರೆ ನಡೆಸುವ ಕೆಲಸವೂ ತಪ್ಪಿತು ಎನ್ನಿಸಿ ಮನಸ್ಸು ಹಗುರವಾಯಿತು.

ಸಂಜೆಯೊಳಗೆ ಇಬ್ಬರೂ ಸೇರಿ ಶೀಟು ಬಿಚ್ಚತೊಡಗಿದರು. ದಂಡಿನಿಂದ ಉಳಿದ ಕೊಟ್ಟಿಗೆ ಬಂಡಿಗೆ ಹೋಗುತ್ತಿತ್ತು. ಏಣಿಯ ಮೇಲಿನಿಂದ ಅಪ್ಪಯ್ಯಣ್ಣ ಕೇಳಿದ:

"ನರಸಿಂಹಯ್ಯ, ದಿನಕ್ಕೆ ಎಷ್ಟು ಸಲ ಓಡಾಡ್ತೀಯಪ್ಪಾ ಹೊಲಕ್ಕೆ?"

"ನಾಕು ಸಲ ಅಣ್ಣಾ. ಸುಗ್ಗೀಲಿ ಲೆಕ್ಕ ಇಲ್ಲ."

"ಆ ದಂಡೇ ವಾಸಿ ಇತ್ತು ಕಣಯ್ಯಾ," ಎಂದ ಅಪ್ಪಯ್ಯಣ್ಣ, ಇನ್ನೊಂದು ಮೊಳೆ ಕೀಳುತ್ತಾ. "ಒಂದೇ ಸಲ ಬಂದು ಹೋಗಿಬಿಡೋದು."