ಸದ್ದಡಗಿಸಿದ ಬಾಡಿಗೆದಾರ

ಬೆಳಿಗ್ಗೆ ಏಳೂವರೆಗೆ ಮನೆಯೊಡತಿಯ ಗಾಜಿನ ಹೂದಾನಿ ನಡುಗುತ್ತ ನಡುಗುತ್ತ ಮೇಜಿನಂಚಿಗೆ ಹೋಗಿ, ಬಿದ್ದು ಒಡೆಯಿತು. ಹಿಂದಿನ ಗೋಡೆಯಾಚೆಯ ಜೆಟ್ ಪ್ರಯೋಗಾಲಯದಲ್ಲಿ ಬೆಳಗಿನ ಪಾಳಿಯ ಕಿರುಚಾಟ ಶುರುವಾಗಿತ್ತು. ಮಹಡಿಯ ಬಾಡಿಗೆದಾರ ಅಲ್ಲಿಯೇ ಇಂಜಿನಿಯರ್. ಬೀದಿಯವರ ಬಾಯಲ್ಲಿ ಸದ್ದಿನ ಸಾಹೇಬ.

ಅವನು ಕೆಳಗಿಳಿಯುವಷ್ಟರಲ್ಲಿ ಒಡತಿ, ಅವರ ಸೊಸೆ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲ ಬುಡದಲ್ಲಿ ನ್ಯಾಯಾಧೀಶರಂತೆ ಸಾಲಾಗಿ ನಿಂತಿದ್ದರು.

"ಸಂಜೆಯೊಳಗೆ ಆ ಕಿರುಚಾಟ ನಿಲ್ಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ," ಎಂದರು ಒಡತಿ.

"ಅಮ್ಮಾ, ಜೆಟ್ಟಿನ ಕೊಳವೆಯಿಂದ ಗಾಳಿ ಶಬ್ದಕ್ಕಿಂತ ವೇಗವಾಗಿ ನುಗ್ಗಿದಾಗ ಅದರೊಳಗೆ ಆಘಾತದ ಅಲೆಗಳು ಗೋಡೆ ಥರ ಸಾಲಾಗಿ ನಿಲ್ತವೆ. ಗಾಳಿಯ ಸುಳಿ ಹೋಗಿ ಅವಕ್ಕೆ ಬಡಿದ್ರೆ ಸದ್ದು. ಆ ಸದ್ದು ಕೊಳವೆ ಬಾಯಿಗೆ ವಾಪಸ್ ಬಂದು ಇನ್ನೊಂದು ಸುಳಿ ಎಬ್ಬಿಸುತ್ತೆ. ಅದೂ ಹೋಗಿ ಬಡಿಯುತ್ತೆ."

"ಅರ್ಥ ಆಗ್ಲಿಲ್ಲ," ಎಂದರು ಮೇಷ್ಟ್ರು.

"ಈಗ ಸೊಸೆ ಅಡುಗೆಮನೇಲಿ ಏನೋ ಗೊಣಗಿದ್ರು ಅನ್ಕೊಳ್ಳಿ. ಅದು ಹಜಾರಕ್ಕೆ ಕೇಳುತ್ತೆ. ಅತ್ತೆ ಒಂದು ಅಂತಾರೆ. ಅದು ಅಡುಗೆಮನೆಗೆ ವಾಪಸ್ ಹೋಗುತ್ತೆ..."

ಒಡತಿ ಸೊಸೆಯ ಕಡೆ ತಿರುಗಿದರು. "ಏನೇ ಗೊಣಗಿದ್ದು?"

"ನಾನೇನೂ ಅಂದಿಲ್ಲ ಅತ್ತೆ. ಅನ್ನೋರು ನೀವು."

ಎರಡೇ ನಿಮಿಷದಲ್ಲಿ ಮೇಷ್ಟ್ರಿಗೆ ಸಿದ್ಧಾಂತ ಪೂರ್ತಿ ಅರ್ಥವಾಯಿತು.

ಕೊಳವೆಯ ಬಾಯಿಗೆ ಎರಡು ಪುಟ್ಟ ತಗಡಿನ ನಾಲಗೆ ಕೂರಿಸಿದರೆ ಸುಳಿಗಳ ಶಿಸ್ತು ಕೆಟ್ಟು ಕಿರುಚಾಟ ನಿಲ್ಲುತ್ತದೆಂದು ಅವನು ಆರು ತಿಂಗಳಿಂದ ಅರ್ಜಿ ಬರೆಯುತ್ತಿದ್ದ. ಅವತ್ತೂ ಉಗ್ರಾಣದವನು, "ತಗಡು ಮುಂದಿನ ತಿಂಗಳು," ಎಂದ. ಸಾಹೇಬ ತನ್ನ ಊಟದ ಡಬ್ಬಿಯ ಮುಚ್ಚಳವನ್ನೇ ಕತ್ತರಿಸಿದ. ಜೊತೆಗೆ ಹೆಬ್ಬೆರಳನ್ನೂ ಕೊಂಚ ಕತ್ತರಿಸಿಕೊಂಡ. ಮುಚ್ಚಳವಿಲ್ಲದ ಊಟವನ್ನು ಪ್ರಯೋಗಾಲಯದ ಬೆಕ್ಕು ಮುಗಿಸಿತು.

ಮಧ್ಯಾಹ್ನ ಆ ನಾಲಗೆ ಕೂರಿಸಿ ಜೆಟ್ ಹಚ್ಚಿದರು. ಕಿರುಚಾಟವಿಲ್ಲ, ನಲ್ಲಿ ಬಿಟ್ಟಂತೆ ಬರೀ ಒಂದು ಸೋ ಎನ್ನುವ ಸದ್ದು. ಪ್ರಯೋಗಾಲಯದ ನಿರ್ದೇಶಕರು ಕಿವಿಯ ಹತ್ತಿ ತೆಗೆದರು. "ಗೋಡೆ ಆಚೆಗೆ ಹೇಗಿದೆ, ನಾನೇ ನೋಡ್ತೀನಿ," ಎಂದು ಹೊರಟವರು ಅರ್ಧ ಗಂಟೆ ಬಿಟ್ಟು ಬಂದು, ಅವನ ಬೆನ್ನು ತಟ್ಟಿ ತಮ್ಮ ಕೋಣೆಗೆ ಹೋದರು. ಹತ್ತು ವರ್ಷದಲ್ಲಿ ಅವರು ಯಾರ ಬೆನ್ನೂ ತಟ್ಟಿದವರಲ್ಲ.

ಸಂಜೆ ಒಡತಿ ಬಾಗಿಲಲ್ಲೇ ಕಾದಿದ್ದರು. "ಬನ್ನಿ ಸಾಹೇಬ್ರೆ. ಬೀದಿಗೇ ಜೀವ ಬಂತು ನೋಡಿ."

"ಸಂತೋಷ ಅಮ್ಮ."

"ಒಂದೇ ಮಾತು. ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬಿಡಿ."

ಸಾಹೇಬ ಬ್ಯಾಂಡೇಜಿನ ಬೆರಳಿನಿಂದ ಕಿವಿ ಉಜ್ಜಿಕೊಂಡ. "ಸದ್ದು ನಿಂತಿದೆಯಲ್ಲಮ್ಮ?"

"ಅದಕ್ಕೇ. ಸದ್ದಿದ್ದಾಗ ನಿಮ್ಮನ್ನು ಬಿಟ್ರೆ ಬಾಡಿಗೆಗೆ ಯಾರು ಬರ್ತಿದ್ರು? ಮಧ್ಯಾಹ್ನ ನಿಮ್ಮ ನಿರ್ದೇಶಕರೇ ಬಂದು ಮಹಡಿ ನೋಡ್ಕೊಂಡು ಹೋದ್ರು. ಅವರ ಮಗಳು ಅಳಿಯನಿಗೆ ಬೇಕಂತೆ. ಇಷ್ಟು ಪ್ರಶಾಂತವಾದ ಮನೆ ಊರಲ್ಲೇ ಇನ್ನೊಂದಿಲ್ಲ ಅಂದ್ರು."